ಸಮುದ್ರದ ಮೇಲೊಂದು ಖರ್ಜೂರದ ಮರ

ಆ ಚಿತ್ರವನ್ನು ನೀವು ಖಂಡಿತ ನೋಡಿರುತ್ತೀರಿ. ನೀಲಿ ಸಮುದ್ರದಲ್ಲಿ ಮಲಗಿರುವ ಒಂದು ಬೃಹತ್ ಖರ್ಜೂರದ ಮರ. ಅದಕ್ಕೊಂದು ಕಾಂಡ, ಎರಡೂ ಬದಿಗೆ ಬಾಗಿದ ಗರಿಗಳು, ಸುತ್ತಲೂ ಅರ್ಧಚಂದ್ರಾಕಾರದ ಒಂದು ತಡೆಗೋಡೆ. ಗರಿಗಳ ಉದ್ದಕ್ಕೂ ಸಾಲು ಸಾಲಾಗಿ ಬಂಗಲೆಗಳು. ಪ್ರತಿಯೊಂದು ಬಂಗಲೆಯ ಹಿತ್ತಲಲ್ಲೂ ಅದರದೇ ಆದ ಮರಳದಂಡೆ. ದುಬೈಯಿಂದ ಬಂದ ಕ್ಯಾಲೆಂಡರಿನಲ್ಲೋ, ಟಿ.ವಿ.ಯಲ್ಲೋ, ಅಲ್ಲಿ ದುಡಿಯುತ್ತಿರುವ ಪತಿ ಅಥವಾ ಮಗ ಮೊಬೈಲಿಗೆ ಕಳುಹಿಸಿದ ವೀಡಿಯೋದಲ್ಲೋ ಅದು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಮನುಷ್ಯನ ಬುದ್ಧಿವಂತಿಕೆಗೆ ಬೆರಗಾಗಿ 'ಸುಬ್‌ಹಾನಲ್ಲಾಹ್' ಎಂದಿರುತ್ತೀರಿ.

ಬೆರಗಾಗುವುದರಲ್ಲಿ ತಪ್ಪೇನಿಲ್ಲ. ಇಲ್ಲದ ನೆಲವನ್ನು ಸಮುದ್ರದ ನಡುವೆ ಎಬ್ಬಿಸುವುದು ಸಣ್ಣ ಕೆಲಸವಲ್ಲ. ಆದರೆ ಒಂದು ಮನೆಯನ್ನು ಕಂಡಾಗ ಅದರ ಅಂದ ನೋಡಿ ಸುಮ್ಮನಾಗುವವಳಲ್ಲ ಗೃಹಿಣಿ. ಇದಕ್ಕೆ ಎಷ್ಟು ಖರ್ಚಾಯಿತು, ಹಣ ಎಲ್ಲಿಂದ ಬಂತು, ಇದನ್ನು ಗುಡಿಸಿ ಒರೆಸಿ ಕಾಪಾಡುವವರು ಯಾರು ಎಂದು ಕೇಳುವುದು ಅವಳ ಸ್ವಭಾವ. ಬನ್ನಿ, ಈ ದ್ವೀಪದ ಬಗ್ಗೆಯೂ ಅದೇ ಪ್ರಶ್ನೆಗಳನ್ನು ಕೇಳೋಣ.

ಗರಿಯ ಮನೆಯಿಂದ ಗರಿಯಾಕಾರದ ದ್ವೀಪಕ್ಕೆ

ಈ ದ್ವೀಪದ ಹೆಸರು ಪಾಮ್ ಜುಮೈರಾ. ಜುಮೈರಾ ಎಂಬುದು ದುಬೈಯ ಕರಾವಳಿಯಲ್ಲಿದ್ದ ಒಂದು ಹಳೆಯ ಹಳ್ಳಿ. ಅಲ್ಲಿದ್ದವರು ಮೀನುಗಾರರು ಮತ್ತು ಮುತ್ತು ತೆಗೆಯಲು ಸಮುದ್ರದಾಳಕ್ಕೆ ಧುಮುಕುತ್ತಿದ್ದ ಮುಳುಗುಗಾರರು. ಅವರ ಮನೆಗಳು ಖರ್ಜೂರದ ಗರಿಯಿಂದ ಮಾಡಿದವು. ಅರೀಶ್ ಎಂದು ಕರೆಯಲಾಗುವ ಈ ಮನೆಗಳ ಗೋಡೆಯೂ ಗರಿ, ಸೂರೂ ಗರಿ. ಗರಿಗಳ ಸಂದಿಯಿಂದ ಗಾಳಿ ಆಡುತ್ತಿದ್ದುದರಿಂದ ಬೇಸಿಗೆಯ ಸುಡುಬಿಸಿಲಿನಲ್ಲೂ ಒಳಗೆ ಕೂರಲು ಸಾಧ್ಯವಾಗುತ್ತಿತ್ತು. ನಮ್ಮ ಕರಾವಳಿಯಲ್ಲಿ ತೆಂಗು ಹೇಗೋ ಅರಬರಿಗೆ ಖರ್ಜೂರ ಹಾಗೆ. ಹಣ್ಣು ಹೊಟ್ಟೆಗೆ, ಕಾಂಡ ತೊಲೆಗೆ, ಗರಿ ಗೋಡೆಗೆ, ನಾರು ಹಗ್ಗಕ್ಕೆ. ಎಸೆಯುವಂಥದ್ದು ಏನೂ ಇರಲಿಲ್ಲ.

ಮುತ್ತಿನ ವ್ಯಾಪಾರ ಆಗ ಆ ಇಡೀ ಕರಾವಳಿಯ ಬದುಕಾಗಿತ್ತು. ಕೊಲ್ಲಿಯ ಮುತ್ತುಗಳು ಮುಂಬಯಿಯ ಮಾರುಕಟ್ಟೆಗೆ ಬರುತ್ತಿದ್ದವು. ಅಲ್ಲಿನ ಹಡಗುಗಳಿಗೆ ಬೇಕಾದ ತೇಗದ ಮರ ಮಲಬಾರಿನಿಂದ ಹೋಗುತ್ತಿತ್ತು. ಜಪಾನಿನಲ್ಲಿ ಮುತ್ತನ್ನು ಕೃಷಿ ಮಾಡಿ ಬೆಳೆಸುವ ವಿದ್ಯೆ ಬಂದ ಮೇಲೆ, ಜಗತ್ತಿನ ಆರ್ಥಿಕ ಕುಸಿತವೂ ಜೊತೆಗೂಡಿ, 1930ರ ದಶಕದಲ್ಲಿ ಆ ವ್ಯಾಪಾರ ನೆಲಕಚ್ಚಿತು. ಮುಂದಿನ ವರ್ಷಗಳನ್ನು ದುಬೈಯ ಹಿರಿಯರು ಹಸಿವಿನ ವರ್ಷಗಳೆಂದೇ ನೆನೆಯುತ್ತಾರೆ. ಇಂದು ನಾವು ಅಲ್ಲಿಗೆ ಕೆಲಸ ಹುಡುಕಿ ಹೋಗುತ್ತೇವೆ; ಅಂದು ಅವರಿಗೆ ಮುಂಬಯಿಯೇ ಶ್ರೀಮಂತ ನಗರ. 1960ರ ದಶಕದ ನಡುವಿನವರೆಗೂ ಅಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ.

ಆ ಬಡತನದ ದಿನಗಳಲ್ಲೂ ದುಬೈ ಸಮುದ್ರದ ಮರಳಿಗೆ ಕೈ ಹಾಕಿತ್ತು. ಆದರೆ ಅದರ ಉದ್ದೇಶ ಬೇರೆ. ಊರ ನಡುವಿನ ಅಳಿವೆಯಲ್ಲಿ ಹೂಳು ತುಂಬಿ ಹಡಗುಗಳು ಒಳಗೆ ಬರಲಾಗುತ್ತಿರಲಿಲ್ಲ. ಅಂದಿನ ಆಡಳಿತಗಾರ ಶೇಖ್ ರಾಶಿದ್ ಸಾಲ ಮಾಡಿ ಆ ಹೂಳನ್ನು ತೆಗೆಸಿದರು. ಹಡಗು ಬಂತು, ವ್ಯಾಪಾರ ಬಂತು, ಊರಿನ ಒಲೆ ಹೊತ್ತಿತು. 1966ರಲ್ಲಿ ತೈಲ ಪತ್ತೆಯಾದದ್ದು ಅದರ ನಂತರ.

ಅಬುಧಾಬಿಗೆ ಹೋಲಿಸಿದರೆ ದುಬೈಯ ತೈಲ ಬಹಳ ಕಡಿಮೆ. ಅದು ಮುಗಿದ ಮೇಲೆ ಬದುಕು ಹೇಗೆ ಎಂಬ ಚಿಂತೆಯಿಂದ ಪ್ರವಾಸೋದ್ಯಮದ ಯೋಚನೆ ಹುಟ್ಟಿತು. ಪ್ರವಾಸಿಗರಿಗೆ ಬೇಕಾದದ್ದು ಸಮುದ್ರದಂಡೆ. ದುಬೈಗಿದ್ದ ಕರಾವಳಿ ಸುಮಾರು 70 ಕಿಲೋಮೀಟರ್ ಮಾತ್ರ. ಇರುವ ದಂಡೆ ಸಾಲದಿದ್ದರೆ ಹೊಸ ದಂಡೆಯನ್ನೇ ಮಾಡೋಣ ಎಂಬ ತೀರ್ಮಾನವಾಯಿತು. ಗುಂಡಗಿನ ದ್ವೀಪ ಮಾಡಿದರೆ ಅದರ ಅಂಚು ಚಿಕ್ಕದು. ಗರಿಗರಿಯಾಗಿ ಬಿಡಿಸಿದರೆ ಅಷ್ಟೇ ಜಾಗದಲ್ಲಿ ಅಂಚು ಹಲವು ಪಟ್ಟು ಹೆಚ್ಚುತ್ತದೆ. ಖರ್ಜೂರದ ಆಕಾರ ಬರೀ ಅಂದಕ್ಕಾಗಿ ಆರಿಸಿದ್ದಲ್ಲ. ದಂಡೆ ಹೆಚ್ಚಿದಷ್ಟೂ ಮಾರಬಹುದಾದ ಮನೆಗಳು ಹೆಚ್ಚು ಎಂಬ ಲೆಕ್ಕವೂ ಅದರ ಹಿಂದಿತ್ತು.

ಕಡಲಿನಲ್ಲಿ ನೆಲ ಹುಟ್ಟಿದ ಬಗೆ

ಸರಕಾರಿ ಒಡೆತನದ ನಖೀಲ್ ಕಂಪೆನಿ 2001ರಲ್ಲಿ ಕೆಲಸ ಆರಂಭಿಸಿತು. ನಖೀಲ್ ಎಂದರೆ ಅರಬಿಯಲ್ಲಿ ಖರ್ಜೂರದ ಮರಗಳೆಂದೇ ಅರ್ಥ. ಸಮುದ್ರ ತುಂಬಿಸುವ ಹೊಣೆಯನ್ನು ಹಾಲೆಂಡಿನ ವಾನ್ ಊರ್ಡ್ ಕಂಪೆನಿಗೆ ವಹಿಸಲಾಯಿತು. ಸಾಕಷ್ಟು ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ದೇಶದವರಾದ ಡಚ್ಚರು ನೀರನ್ನು ಹಿಂದೆ ಸರಿಸಿ ನೆಲ ಮಾಡುವುದರಲ್ಲಿ ಶತಮಾನಗಳಿಂದ ಪಳಗಿದವರು.

ಇಲ್ಲಿ ನಿಮಗೊಂದು ಪ್ರಶ್ನೆ ಮೂಡಬಹುದು. ಸುತ್ತಲೂ ಮರುಭೂಮಿ ಇರುವಾಗ ಮರಳಿಗೇನು ಬರ? ಆದರೆ ಮರುಭೂಮಿಯ ಮರಳು ಈ ಕೆಲಸಕ್ಕೆ ಬಾರದು. ಸಾವಿರಾರು ವರ್ಷ ಗಾಳಿಗೆ ಉರುಳಿ ಉರುಳಿ ಅದರ ಕಣಗಳು ನುಣುಪಾಗಿ, ದುಂಡಗಾಗಿ ಬಿಟ್ಟಿವೆ. ನೀರಿಗೆ ಸುರಿದರೆ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುದಿಲ್ಲ, ಜಾರಿ ಹೋಗುತ್ತವೆ. ಆದ್ದರಿಂದ ಸಮುದ್ರದ ತಳದ ಒರಟು ಮರಳೇ ಬೇಕಾಯಿತು. ದೊಡ್ಡ ಹಡಗುಗಳು ಕೊಲ್ಲಿಯ ತಳದಿಂದ ಮರಳನ್ನು ಹೀರಿಕೊಂಡು ಬಂದು, ನೀರಿನೊಂದಿಗೆ ಬೆರೆಸಿ ಕಾಮನಬಿಲ್ಲಿನಂತೆ ಚಿಮ್ಮಿಸುತ್ತಿದ್ದವು. ಯಾವ ಗರಿ ಎಲ್ಲಿ ಬಾಗಬೇಕು ಎಂಬುದನ್ನು ಉಪಗ್ರಹಗಳ ನೆರವಿನಿಂದ ಅಳೆದು ನೋಡಲಾಗುತ್ತಿತ್ತು.

ಸುಮಾರು ಹತ್ತು ಮೀಟರ್ ಆಳದ ನೀರಿಗೆ ಹೀಗೆ ಸುರಿದ ಮರಳು 9.4 ಕೋಟಿ ಘನ ಮೀಟರ್. ಮನೆ ಕಟ್ಟಿಸಿದವರಿಗೆ ಮರಳಿನ ಲಾರಿಯ ಲೆಕ್ಕ ಗೊತ್ತು. ಒಂದು ದೊಡ್ಡ ಟಿಪ್ಪರಿಗೆ ಹತ್ತು ಘನ ಮೀಟರ್ ಎಂದು ಹಿಡಿದರೂ ಇದು 94 ಲಕ್ಷ ಲೋಡು! ಇದರ ಜೊತೆಗೆ ಅಲೆಗಳ ಹೊಡೆತ ತಡೆಯಲು ಸುಮಾರು 11 ಕಿಲೋಮೀಟರ್ ಉದ್ದದ ಅರ್ಧಚಂದ್ರಾಕಾರದ ಗೋಡೆ. ಅದಕ್ಕೆ ಗುಡ್ಡಗಳನ್ನು ಕಡಿದು ತಂದ ಬಂಡೆ 70 ಲಕ್ಷ ಟನ್.

ಹೊಸದಾಗಿ ಸುರಿದ ಮರಳಿನ ಮೇಲೆ ಕೂಡಲೇ ಮನೆ ಕಟ್ಟುವಂತಿಲ್ಲ. ಅಕ್ಕಿ ತುಂಬಿದ ಡಬ್ಬಿಯನ್ನು ಒಮ್ಮೆ ಕುಲುಕಿದರೆ ಅಕ್ಕಿ ಎರಡು ಬೆರಳು ಕೆಳಗಿಳಿಯುವುದನ್ನು ನೀವು ಕಂಡಿದ್ದೀರಿ. ಇಲ್ಲೂ ಹಾಗೆಯೇ. ಮರಳಿನೊಳಗೆ ಉದ್ದನೆಯ ಕಂಬಗಳನ್ನಿಳಿಸಿ, ಅವುಗಳನ್ನು ಅದುರಿಸಿ, ನೀರು ಚಿಮ್ಮಿಸಿ ಮರಳನ್ನು ಗಟ್ಟಿಯಾಗಿಸಲಾಯಿತು. ಆಮೇಲೆ ರಸ್ತೆ, ಸಮುದ್ರದಡಿಯ ಸುರಂಗ, ನೀರಿನ ಕೊಳವೆ, ವಿದ್ಯುತ್ತು. ಆ ಕುಡಿಯುವ ನೀರೂ ಬಾವಿಯದಲ್ಲ, ನದಿಯದಲ್ಲ. ದುಬೈಯ ನೀರು ಬಹುತೇಕ ಪೂರ್ತಿಯಾಗಿ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡಿ ಪಡೆದದ್ದು. ದ್ವೀಪದ ಒಂದೊಂದು ಈಜುಕೊಳ, ಒಂದೊಂದು ಹುಲ್ಲುಹಾಸಿನ ಹಿಂದೆಯೂ ಉರಿಸಿದ ಇಂಧನವಿದೆ.

ಸಮುದ್ರ ಲೆಕ್ಕ ಕೇಳುತ್ತದೆ

ಗೋಡೆಯೇನೋ ಅಲೆಯನ್ನು ತಡೆಯಿತು. ಆದರೆ ಗೋಡೆಯ ಒಳಗಿನ ನೀರಿಗೆ ಓಡಾಟವೂ ನಿಂತುಹೋಗುವ ಅಪಾಯ ತಲೆದೋರಿತು. ನಿಂತ ನೀರು ಕೊಳೆಯುತ್ತದೆ ಎಂಬುದು ನಮ್ಮ ಅಂಗಳದ ಹೊಂಡಕ್ಕೆ ಹೇಗೋ ಕೋಟಿಗಟ್ಟಲೆ ಬೆಲೆಯ ಬಂಗಲೆಯ ಹಿತ್ತಲಿಗೂ ಹಾಗೆಯೇ. ಕೊನೆಗೆ ಉಬ್ಬರವಿಳಿತದ ನೀರು ಒಳಗೆ ಬಂದು ಹೋಗಲು ಗೋಡೆಯಲ್ಲಿ ಎರಡು ಕಡೆ ಕಿಂಡಿ ಬಿಡಬೇಕಾಯಿತು.

ಕರಾವಳಿಯ ಮರಳು ಒಂದೆಡೆ ನಿಲ್ಲುವ ವಸ್ತುವಲ್ಲ. ಅಲೆಗಳು ಅದನ್ನು ದಂಡೆಯುದ್ದಕ್ಕೂ ಸಾಗಿಸುತ್ತಲೇ ಇರುತ್ತವೆ. ಒಂದು ಕಡೆಯಿಂದ ಒಯ್ದದ್ದನ್ನು ಇನ್ನೊಂದು ಕಡೆ ತಂದು ಹಾಕುತ್ತವೆ. ನಡುವೆ ಗೋಡೆಯೋ ದ್ವೀಪವೋ ಎದ್ದರೆ ಆ ಸಾಗಾಟ ತಪ್ಪುತ್ತದೆ. ಒಂದು ಬದಿಯಲ್ಲಿ ಮರಳು ರಾಶಿ ಬೀಳುತ್ತದೆ, ಇನ್ನೊಂದು ಬದಿಯಲ್ಲಿ ದಂಡೆ ಕರಗುತ್ತದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅಲೆ ಅಂಗಳಕ್ಕೆ ನುಗ್ಗುವುದನ್ನು, ತೆಂಗಿನ ಮರ ಬುಡಸಮೇತ ಉರುಳುವುದನ್ನು, ಸುರಿದ ಕಲ್ಲು ಮರುವರ್ಷ ಕಾಣದಾಗುವುದನ್ನು ನೀವೇ ಕಂಡಿದ್ದೀರಿ. ಒಂದೆಡೆ ಸಮುದ್ರವನ್ನು ತಡೆದರೆ ಅದು ಇನ್ನೊಂದೆಡೆ ಬಾಗಿಲು ಬಡಿಯುತ್ತದೆ. ದುಬೈಯ ದಂಡೆಗಳಿಗೂ ಮತ್ತೆ ಮತ್ತೆ ಮರಳು ತಂದು ಸುರಿಯಬೇಕಾಗುತ್ತದೆ. ಸಮುದ್ರದೊಂದಿಗೆ ಮಾಡಿಕೊಂಡ ಒಪ್ಪಂದಕ್ಕೆ ಕೊನೆಯ ಕಂತು ಎಂಬುದಿಲ್ಲ.

ಸಮುದ್ರದ ತಳದಲ್ಲಿದ್ದ ಜೀವಿಗಳ ಗತಿಯೇನಾಯಿತು? ಹವಳ, ಮುತ್ತಿನ ಚಿಪ್ಪು, ಮೀನಿನ ಮರಿಗಳಿಗೆ ಆಸರೆಯಾದ ಕಡಲ ಹುಲ್ಲು ಇವೆಲ್ಲ ಬೆಳೆಯುವುದು ಬೆಳಕು ತಲುಪುವಷ್ಟು ಆಳದ ನೀರಿನಲ್ಲಿ. ಮರಳು ಸುರಿದಲ್ಲಿ ಅವು ಹೂತುಹೋಗುತ್ತವೆ; ಮರಳು ತೆಗೆದಲ್ಲಿ ಎದ್ದ ಕೆಸರು ಸುತ್ತಲಿನವುಗಳ ಉಸಿರು ಕಟ್ಟಿಸುತ್ತದೆ. ಗೋಡೆಯ ಬಂಡೆಗಳ ಸಂದಿಯಲ್ಲಿ ಈಗ ಹೊಸ ಮೀನುಗಳು ನೆಲೆಸಿವೆ ಎಂಬುದೂ ನಿಜ. ಆದರೆ ಮುತ್ತಿನಿಂದ ಬದುಕಿದ ಕರಾವಳಿಯೊಂದು ತನ್ನ ಸಮುದ್ರತಳವನ್ನೇ ಹೂತು ಅದರ ಮೇಲೆ ಮನೆ ಮಾರಿತು ಎಂಬುದನ್ನು ಮರೆಯುವಂತಿಲ್ಲ.

ಮರಳಿನ ಹಸಿವು ದುಬೈಯೊಂದರದೇ ಅಲ್ಲ. ನೀರನ್ನು ಬಿಟ್ಟರೆ ಮನುಷ್ಯ ಅತಿ ಹೆಚ್ಚು ಬಳಸುವ ವಸ್ತು ಮರಳು ಮತ್ತು ಜಲ್ಲಿ. ವರ್ಷಕ್ಕೆ 4,000ದಿಂದ 5,000 ಕೋಟಿ ಟನ್ ಬಳಕೆಯಾಗುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2019ರಲ್ಲಿ ಅಂದಾಜಿಸಿತ್ತು. ಸಿಂಗಾಪುರ ತನ್ನ ನೆಲವನ್ನು ಹಿಗ್ಗಿಸಲು ನೆರೆಯ ಇಂಡೋನೇಷ್ಯಾದಿಂದ ಮರಳು ತರಿಸುತ್ತಿತ್ತು. ತನ್ನ ಸಣ್ಣ ದ್ವೀಪಗಳೇ ಕರಗುತ್ತಿರುವುದನ್ನು ಕಂಡು ಇಂಡೋನೇಷ್ಯಾ 2003ರಲ್ಲಿ ಸಮುದ್ರದ ಮರಳಿನ ರಫ್ತನ್ನು ನಿಷೇಧಿಸಬೇಕಾಯಿತು. ಒಬ್ಬರ ದ್ವೀಪ ಎದ್ದಾಗ ಇನ್ನೊಬ್ಬರ ದ್ವೀಪ ಮುಳುಗುವುದೂ ಉಂಟು.

ಪಟಾಕಿಯ ರಾತ್ರಿ ಮತ್ತು ನಂತರ

ಪಾಮ್ ಜುಮೈರಾದ ಮನೆಗಳು ಇನ್ನೂ ನಕ್ಷೆಯಲ್ಲಿದ್ದಾಗಲೇ ಮಾರಾಟವಾದವು. ವಿದೇಶೀಯರೂ ದುಬೈಯಲ್ಲಿ ಮನೆ ಕೊಳ್ಳಬಹುದೆಂದು 2002ರಲ್ಲಿ ಘೋಷಣೆಯಾದ ಮೇಲೆ ಖರೀದಿಗೆ ನೂಕುನುಗ್ಗಲು. ಕೊಂಡವರು ಅಲ್ಲಿ ವಾಸಿಸಲೆಂದೇ ಕೊಳ್ಳುತ್ತಿರಲಿಲ್ಲ. ಇಂದು ಕೊಂಡು ನಾಳೆ ಹೆಚ್ಚಿನ ಬೆಲೆಗೆ ಮಾರುವವರೇ ಬಹಳ. ಇಟ್ಟಿಗೆ ಇಡುವ ಮೊದಲೇ ಒಂದೇ ಮನೆ ಹಲವು ಕೈ ದಾಟುತ್ತಿತ್ತು.

ಈ ಯಶಸ್ಸು ಆಸೆಯನ್ನು ಇಮ್ಮಡಿಗೊಳಿಸಿತು. ಪಾಮ್ ಜಬಲ್ ಅಲಿ, ಪಾಮ್ ದೇರಾ ಎಂಬ ಇನ್ನೆರಡು ಖರ್ಜೂರದ ದ್ವೀಪಗಳ ಯೋಜನೆ ಬಂತು. 2003ರಲ್ಲಿ ಇನ್ನೂ ವಿಚಿತ್ರವಾದದ್ದೊಂದು ಆರಂಭವಾಯಿತು. ಕರಾವಳಿಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಸುಮಾರು 300 ಸಣ್ಣ ದ್ವೀಪಗಳು. ಎಲ್ಲವೂ ಸೇರಿ ಮೇಲಿನಿಂದ ನೋಡಿದರೆ ಭೂಪಟ! ಹೆಸರೇ 'ದಿ ವರ್ಲ್ಡ್'. ಹಣವಿದ್ದವರು ಒಂದು ದೇಶವನ್ನೇ ಕೊಂಡುಕೊಳ್ಳಬಹುದು ಎಂಬುದು ಅದರ ಆಕರ್ಷಣೆ. ಇದಕ್ಕೆ ಸುರಿದ ಮರಳು 32 ಕೋಟಿ ಘನ ಮೀಟರ್, ಮೊದಲ ದ್ವೀಪದ ಮೂರು ಪಟ್ಟಿಗಿಂತಲೂ ಹೆಚ್ಚು. 2008ರ ಜನವರಿಯಲ್ಲಿ ಮರಳು ತುಂಬಿಸುವ ಕೆಲಸ ಮುಗಿಯಿತು.

ಅದೇ ವರ್ಷ ನವೆಂಬರ್ 20ರ ರಾತ್ರಿ ಪಾಮ್ ಜುಮೈರಾದ ಅಂಚಿನಲ್ಲಿ ಅಟ್ಲಾಂಟಿಸ್ ಹೋಟೆಲಿನ ಅದ್ದೂರಿ ಉದ್ಘಾಟನೆ. ಸಾವಿರದ ಐನೂರಕ್ಕೂ ಹೆಚ್ಚು ಕೋಣೆಗಳ ಆ ಹೋಟೆಲಿನ ಸಮಾರಂಭಕ್ಕೆ ಸುಮಾರು ಎರಡು ಕೋಟಿ ಡಾಲರ್ ಖರ್ಚಾಯಿತೆಂದು ಪತ್ರಿಕೆಗಳು ಬರೆದವು. ಇಡೀ ದ್ವೀಪದ ಉದ್ದಕ್ಕೂ ಪಟಾಕಿ ಸಿಡಿಯಿತು. ಆ ಹೊತ್ತಿಗೆ ಅಮೆರಿಕದ ಬ್ಯಾಂಕುಗಳು ಮುಳುಗಿ ಜಗತ್ತಿನ ಹಣದ ಮಾರುಕಟ್ಟೆ ನಡುಗುತ್ತಿತ್ತು. ಪಟಾಕಿಯ ಹೊಗೆ ಆರಿ ಹತ್ತು ದಿನಗಳಾಗುವಷ್ಟರಲ್ಲಿ ನಖೀಲ್ ಕಂಪೆನಿ ತನ್ನ 500 ನೌಕರರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು.

ಮುಂದಿನ ವರ್ಷ ಸಾಲದ ಬೆಟ್ಟ ಬಯಲಾಯಿತು. ನಖೀಲ್‌ನ ಒಡೆತನ ಹೊಂದಿದ್ದ ದುಬೈ ವರ್ಲ್ಡ್ ಎಂಬ ಸರಕಾರಿ ಸಂಸ್ಥೆಯ ಮೇಲೆ ಸುಮಾರು 5,900 ಕೋಟಿ ಡಾಲರ್ ಹೊಣೆಯಿತ್ತು. 2009ರ ನವೆಂಬರಿನಲ್ಲಿ ಅದು ಸಾಲಗಾರರಲ್ಲಿ ಕಾಲಾವಕಾಶ ಬೇಡಿತು. ಕೊನೆಗೆ ನೆರೆಯ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟು ಕೈ ಹಿಡಿಯಿತು. ಜಗತ್ತಿನ ಅತಿ ಎತ್ತರದ ಕಟ್ಟಡ 2010ರ ಜನವರಿಯಲ್ಲಿ ಉದ್ಘಾಟನೆಯಾದಾಗ ಬುರ್ಜ್ ದುಬೈ ಎಂಬ ಹೆಸರು ಹೋಗಿ, ಅಬುಧಾಬಿಯ ಆಡಳಿತಗಾರ ಶೇಖ್ ಖಲೀಫಾರ ಹೆಸರು ಅದಕ್ಕೆ ಬಂದದ್ದು ನಿಮಗೆ ನೆನಪಿರಬಹುದು.

ಮರಳಿನ ಭೂಪಟ ವರ್ಷಗಟ್ಟಲೆ ಬರಿದಾಗಿ ಬಿದ್ದಿತ್ತು. ಆ ದ್ವೀಪಗಳು ಕುಸಿಯುತ್ತಿವೆ, ನಡುವಣ ಕಾಲುವೆಗಳಲ್ಲಿ ಹೂಳು ತುಂಬುತ್ತಿದೆ ಎಂದು 2011ರಲ್ಲಿ ಒಂದು ವ್ಯಾಜ್ಯದ ವಿಚಾರಣೆಯಲ್ಲಿ ದೂರುದಾರರ ಪರ ವಾದವಾಯಿತು; ನಖೀಲ್ ಅದನ್ನು ನಿರಾಕರಿಸಿತು. ಮುಂದೆ ಕೆಲವು ದ್ವೀಪಗಳಲ್ಲಿ ಹೋಟೆಲುಗಳು ಎದ್ದಿವೆ. ಆದರೂ ಘೋಷಿಸಿದ ಆ ಜಗತ್ತು ಜಗತ್ತಾಗಲಿಲ್ಲ. ಪಾಮ್ ದೇರಾ ಗಾತ್ರ ಕಳೆದುಕೊಂಡು, ಹೆಸರು ಬದಲಿಸಿಕೊಂಡು ದುಬೈ ಐಲೆಂಡ್ಸ್ ಆಯಿತು. ಪಾಮ್ ಜಬಲ್ ಅಲಿ ಬರೀ ಮರಳಾಗಿ ಬಿದ್ದಿದ್ದು, 2023ರಲ್ಲಿ ಮತ್ತೆ ಹೊಸದಾಗಿ ಘೋಷಣೆಯಾಯಿತು.

ನಿಜ ಹೇಳಬೇಕೆಂದರೆ ಪಾಮ್ ಜುಮೈರಾ ಸೋಲಲಿಲ್ಲ. ಅಲ್ಲಿ ಸಾವಿರಾರು ಕುಟುಂಬಗಳು ವಾಸಿಸುತ್ತಿವೆ, ಬೆಲೆಗಳು ಮತ್ತೆ ಏರಿವೆ, 2023ರಲ್ಲಿ ಇನ್ನೊಂದು ಅಟ್ಲಾಂಟಿಸ್ ಹೋಟೆಲೂ ತೆರೆದಿದೆ. ದುಬೈ ಎಡವಿದರೂ ಎದ್ದು ನಿಂತಿತು. ಆದರೆ ಎಡವಿದಾಗ ಪೆಟ್ಟು ಬಿದ್ದದ್ದು ಯಾರಿಗೆ? ಆ ವರ್ಷಗಳಲ್ಲಿ ಅವಧಿಗೆ ಮುನ್ನವೇ ಊರಿಗೆ ಮರಳಿದವರ ಮನೆಗಳು ನಮ್ಮ ಜಮಾಅತ್‌ಗಳಲ್ಲೂ ಇದ್ದವು. ಮದುವೆ ಮುಂದೂಡಿದವರಿದ್ದರು, ಅರ್ಧಕ್ಕೆ ನಿಂತ ಮನೆಯ ಕಬ್ಬಿಣದ ಸರಳುಗಳು ಮಳೆಗೆ ತುಕ್ಕು ಹಿಡಿಯುವುದನ್ನು ನೋಡುತ್ತಾ ಕುಳಿತವರಿದ್ದರು. ಪಟಾಕಿ ಸುಟ್ಟವರ ಸಾಲವನ್ನು ಪಟಾಕಿ ನೋಡದವರೂ ತೀರಿಸಬೇಕಾಗುತ್ತದೆ.

ಕಟ್ಟಿದ ಕೈಗಳು

ಚಿತ್ರದಲ್ಲಿ ಕಾಣದವರು ಇನ್ನೊಂದಷ್ಟು ಮಂದಿ. ದುಬೈಯ ಆ ನಿರ್ಮಾಣದ ದಶಕದಲ್ಲಿ ಬಂಡೆ ಹೊತ್ತವರು, ಕಬ್ಬಿಣ ಕಟ್ಟಿದವರು, ಕಾಂಕ್ರೀಟು ಸುರಿದವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳಗಳ ಮಕ್ಕಳು. ಅನೇಕರು ಏಜೆಂಟರಿಗೆ ಸಾಲ ಮಾಡಿ ಹಣ ಕೊಟ್ಟು ಬಂದವರು. ದುಬೈ ಮತ್ತಿತರ ಕಡೆಗಳ ಕಾರ್ಮಿಕರ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2006ರ ನವೆಂಬರಿನಲ್ಲಿ ಒಂದು ವರದಿ ಪ್ರಕಟಿಸಿತು. ಸಂಬಳ ತಡೆಹಿಡಿಯುವುದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು, ಮೊದಲ ಒಂದೆರಡು ವರ್ಷದ ದುಡಿಮೆಯೆಲ್ಲ ಬಂದ ಸಾಲಕ್ಕೇ ಹೋಗುವುದು ಇವೆಲ್ಲ ಅದರಲ್ಲಿ ದಾಖಲಾಗಿವೆ. ಅದೇ ವರ್ಷ ಮಾರ್ಚಿನಲ್ಲಿ ಬುರ್ಜ್ ಕಟ್ಟುತ್ತಿದ್ದ ಕಾರ್ಮಿಕರ ಸಿಟ್ಟು ಗಲಭೆಯಾಗಿ ಸಿಡಿದಿತ್ತು.

ಅಂದಿನಿಂದ ಕೆಲವು ಸುಧಾರಣೆಗಳಾಗಿವೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಸಂಬಳ ಬ್ಯಾಂಕಿನ ಮೂಲಕವೇ ಬರಬೇಕೆಂಬ ವ್ಯವಸ್ಥೆ 2009ರಲ್ಲಿ ಬಂತು. ಕೂಲಿಗಾರನ ಬೆವರು ಆರುವ ಮೊದಲು ಅವನ ಕೂಲಿ ಕೈ ಸೇರಬೇಕೆಂದು ಪ್ರವಾದಿ(ಸ)ರವರು ಕಲಿಸಿದ ಸಮುದಾಯದಲ್ಲಿ ಇದಕ್ಕೆ ಕಾನೂನು ಬೇಕಾಯಿತು ಎಂಬುದೇ ನಾವು ತಲೆತಗ್ಗಿಸಬೇಕಾದ ವಿಷಯ.

ಇದನ್ನು ಓದುತ್ತಿರುವ ಸಹೋದರಿಯರಲ್ಲಿ ಕೆಲವರಿಗೆ ಇನ್ನೊಂದು ನೋವೂ ಗೊತ್ತು. ಇಪ್ಪತ್ತು ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಕೊಂಡವನಿಗೆ ಅಲ್ಲಿ ಹತ್ತು ವರ್ಷದ ವಾಸದ ಪರವಾನಿಗೆ ಸಿಗುತ್ತದೆ. ಹೆಂಡತಿ ಮಕ್ಕಳೊಂದಿಗೆ ಇರಬಹುದು. ಆ ಮನೆ ಕಟ್ಟಿದವನ ಸಂಬಳ ಕುಟುಂಬವನ್ನು ಕರೆಸಿಕೊಳ್ಳಲು ನಿಗದಿಪಡಿಸಿದ ಮಿತಿಯನ್ನು ಮುಟ್ಟುವುದಿಲ್ಲ. ಇನ್ನೊಬ್ಬರ ಹಿತ್ತಲಿಗೆ ಸಮುದ್ರ ತಂದುಕೊಟ್ಟವನಿಗೆ ತನ್ನ ಮಗುವಿನ ಮೊದಲ ಹೆಜ್ಜೆ ಫೋನಿನಲ್ಲಿ ಮಾತ್ರ ಕಾಣುತ್ತದೆ.

ಹಾಗೆಂದು ದುಬೈಯನ್ನು ಶಪಿಸುವುದು ನ್ಯಾಯವಲ್ಲ. ಆ ಊರು ನಮ್ಮ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ಆ ಹಣದಿಂದ ತಂಗಿಯರ ಮದುವೆಯಾಗಿದೆ, ತಾಯಂದಿರ ಚಿಕಿತ್ಸೆಯಾಗಿದೆ, ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಅದಕ್ಕೆ ಅಲ್ಲಾಹನಿಗೆ ಸ್ತುತಿ. ಪ್ರಶ್ನೆ ಇರುವುದು ಊರಿನ ಬಗ್ಗೆಯಲ್ಲ, ಐಶ್ವರ್ಯವನ್ನು ಯಾವುದಕ್ಕೆ ಸುರಿಯುತ್ತೇವೆ ಎಂಬುದರ ಬಗ್ಗೆ.

ಅದೇ ವಿದ್ಯೆ, ಬೇರೆ ಉದ್ದೇಶ

ಸಮುದ್ರ ತುಂಬಿಸುವ ವಿದ್ಯೆಯೇ ಕೆಟ್ಟದ್ದೆಂದು ತಿಳಿಯಬೇಡಿ. ನಮ್ಮ ಲಕ್ಷದ್ವೀಪಕ್ಕೆ ಆಚೆ ದಕ್ಷಿಣದಲ್ಲಿ ಮಾಲ್ದೀವ್ಸ್ ಎಂಬ ಪುಟ್ಟ ಮುಸ್ಲಿಮ್ ರಾಷ್ಟ್ರವಿದೆ. ಲಕ್ಷದ್ವೀಪದ ಮಿನಿಕಾಯ್‌ನವರು ಆಡುವ ಭಾಷೆಯೂ ಅವರದೂ ಒಂದೇ. ಆ ದೇಶದ ನೆಲ ಬಹುತೇಕ ಎಲ್ಲೆಡೆ ಸಮುದ್ರಮಟ್ಟಕ್ಕಿಂತ ಎರಡೂವರೆ ಮೀಟರ್ ಕೂಡ ಎತ್ತರವಿಲ್ಲ. ರಾಜಧಾನಿ ಮಾಲೆ ಒಂದು ಸಣ್ಣ ದ್ವೀಪ. ಜನ ಕಾಲಿಡಲು ಜಾಗವಿಲ್ಲದಷ್ಟು ತುಂಬಿಕೊಂಡಿದ್ದಾರೆ. ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಲಗುವ ಕುಟುಂಬಗಳೂ ಅಲ್ಲಿದ್ದವು.

ಆ ದೇಶ 1997ರಲ್ಲಿ ಮಾಲೆಯ ಪಕ್ಕದಲ್ಲೇ ಹವಳದ ದಿಬ್ಬದ ಮೇಲೆ ಮರಳು ತುಂಬಿ ಹುಳುಮಾಲೆ ಎಂಬ ಹೊಸ ದ್ವೀಪವನ್ನು ಕಟ್ಟತೊಡಗಿತು. 2004ರಲ್ಲಿ ಅದರ ಉದ್ಘಾಟನೆಯಾಯಿತು. ಅಲ್ಲಿ ಕಟ್ಟಿದ್ದು ಶಾಲೆ, ಆಸ್ಪತ್ರೆ, ಮಸೀದಿ ಮತ್ತು ಸಾಮಾನ್ಯರು ವಾಸಿಸುವ ಮಹಡಿ ಮನೆಗಳು. ಏರುವ ಸಮುದ್ರವನ್ನು ಲೆಕ್ಕ ಹಾಕಿ ಅದನ್ನು ಸುಮಾರು ಎರಡು ಮೀಟರ್ ಎತ್ತರಕ್ಕೆ ಏರಿಸಿದ್ದಾರೆ. 2018ರಲ್ಲಿ ಸೇತುವೆಯೂ ಆದ ಮೇಲೆ ಮಾಲೆಯ ಸಾವಿರಾರು ಕುಟುಂಬಗಳು ಅಲ್ಲಿಗೆ ಹೋಗಿ ನೆಲೆಸಿವೆ. ಅಲ್ಲೂ ಹವಳ ಹಾಳಾಗಿದೆ, ಸಾಲವಿದೆ, ದೂರುಗಳಿವೆ. ಅದೇ ಮಾಲ್ದೀವ್ಸ್ ರೆಸಾರ್ಟುಗಳಿಗಾಗಿಯೂ ಸಮುದ್ರ ತುಂಬಿಸುತ್ತಿದೆ ಎಂಬುದೂ ಸತ್ಯ. ಆದರೂ ತಲೆಯ ಮೇಲೆ ಸೂರಿಲ್ಲದವನಿಗಾಗಿ ಎತ್ತಿದ ಮರಳಿಗೂ, ಹತ್ತು ಮನೆಯಿದ್ದವನ ಹನ್ನೊಂದನೆಯ ಮನೆಗಾಗಿ ಎತ್ತಿದ ಮರಳಿಗೂ ವ್ಯತ್ಯಾಸವಿಲ್ಲವೇ?

ನಮ್ಮೂರಿನ ದ್ವೀಪಗಳು

ಇಷ್ಟು ಹೇಳಿದ ಮೇಲೆ ನಮ್ಮತ್ತ ನೋಡದಿದ್ದರೆ ಅದು ಪ್ರಾಮಾಣಿಕತೆಯಲ್ಲ. ನಮ್ಮ ಕರಾವಳಿಯ ಮುಸ್ಲಿಮ್ ಮೊಹಲ್ಲಾಗಳಲ್ಲಿ ಒಮ್ಮೆ ನಡೆದು ನೋಡಿ. ಭಟ್ಕಳದಿಂದ ಉಳ್ಳಾಲದವರೆಗೆ ಕೊಲ್ಲಿಯ ಹಣದಲ್ಲಿ ಎದ್ದ ಮನೆಗಳಿವೆ. ಎತ್ತರದ ಕಾಂಪೌಂಡು, ಇಟಾಲಿಯನ್ ಮಾರ್ಬಲ್ಲು, ಎರಡು ಅಡುಗೆಮನೆ. ಒಂದು ಅಡುಗೆ ಮಾಡಲು, ಒಂದು ನೆಂಟರಿಗೆ ತೋರಿಸಲು. ಮೇಲಿನ ಮಹಡಿಯ ಕೋಣೆಗಳ ಬೀಗ ಈದ್‌ಗೊಮ್ಮೆ ತೆರೆಯುತ್ತದೆ. ಒಳಗಿರುವುದು ವಯಸ್ಸಾದ ಉಮ್ಮ ಮತ್ತು ಒಬ್ಬ ಕೆಲಸದಾಕೆ. ಇವೂ ಒಂದು ಬಗೆಯ ದ್ವೀಪಗಳೇ. ಸುತ್ತ ನೀರಿಲ್ಲ, ಅಷ್ಟೇ.

ಆ ಮನೆಯ ಲೆಕ್ಕವನ್ನು ಲಕ್ಷಗಳಲ್ಲಿ ಹಾಕಬೇಡಿ, ವರ್ಷಗಳಲ್ಲಿ ಹಾಕಿ. ಎರಡು ಕೋಣೆ ಹೆಚ್ಚು ಎಂದರೆ ಪತಿ ಇನ್ನೆಷ್ಟು ವರ್ಷ ಅಲ್ಲಿರಬೇಕು? ನೆರೆಮನೆಯದಕ್ಕಿಂತ ದೊಡ್ಡ ಗೇಟು ಎಂದರೆ ಮಕ್ಕಳು ತಂದೆಯಿಲ್ಲದೆ ಎಷ್ಟು ಈದ್ ಆಚರಿಸಬೇಕು? ಬ್ಯಾಂಕಿನ ಬಡ್ಡಿಗೆ ಕೈ ಒಡ್ಡಬೇಕಾದೀತೇ? ಬಡ್ಡಿಯ ಹಣದಲ್ಲಿ ಎದ್ದ ಗೋಡೆಯ ಮೇಲೆ ಬರಕತ್‌ಗಾಗಿ ಆಯತ್‌ನ ಫಲಕ ತೂಗುಹಾಕಿದರೆ ಏನು ಪ್ರಯೋಜನ? ಮನೆ ಕಟ್ಟುವಾಗ ನಕ್ಷೆಯ ಮುಂದೆ ಕುಳಿತ ಹೆಣ್ಣುಮಕ್ಕಳ ಮಾತಿಗೆ ತೂಕವಿರುತ್ತದೆ. "ಇಷ್ಟು ಸಾಕು" ಎಂಬ ಒಂದು ಮಾತನ್ನು ನೀವು ಹೇಳಿದರೆ ಒಬ್ಬ ಮನುಷ್ಯ ಕೆಲವು ವರ್ಷ ಮೊದಲೇ ಊರಿಗೆ ಮರಳಬಹುದು.

ಖರ್ಜೂರದ ಮರದ ಕುರಿತೇ ಇನ್ನೊಂದು ಚಿತ್ರವನ್ನು ನೆನಪಿಸಿಕೊಳ್ಳಿ. ಪ್ರವಾದಿ(ಸ)ರವರು ಮದೀನಾದಲ್ಲಿ ಕಟ್ಟಿದ ಮಸೀದಿಯ ಕಂಬಗಳು ಖರ್ಜೂರದ ಕಾಂಡಗಳು, ಸೂರು ಖರ್ಜೂರದ ಗರಿ. ಮಳೆ ಬಂದರೆ ಸೋರುತ್ತಿತ್ತು. ಅದರ ಪಕ್ಕದಲ್ಲಿದ್ದ ಪ್ರವಾದಿ ಪತ್ನಿಯರ ಕೋಣೆಗಳ ಮಾಡು ನಿಂತವರ ಕೈಗೆಟುಕುವಷ್ಟು ತಗ್ಗಿನದು. ಮುಂದೆ ಖಲೀಫ ವಲೀದ್‌ರ ಕಾಲದಲ್ಲಿ ಮಸೀದಿಯನ್ನು ವಿಸ್ತರಿಸಲು ಆ ಕೋಣೆಗಳನ್ನು ಕೆಡವಿದಾಗ ಮದೀನಾದ ಜನ ಅತ್ತರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಅವುಗಳನ್ನು ಹಾಗೆಯೇ ಬಿಟ್ಟಿದ್ದರೆ, ಅಲ್ಲಾಹನ ರಸೂಲರು ತಮ್ಮ ಬದುಕಿಗೆ ಎಷ್ಟು ಸಾಕೆಂದುಕೊಂಡಿದ್ದರು ಎಂಬುದನ್ನು ಮುಂದಿನವರು ಕಣ್ಣಾರೆ ಕಾಣಬಹುದಿತ್ತಲ್ಲ ಎಂದು ಸಈದ್ ಬಿನ್ ಮುಸಯ್ಯಬ್‌ರಂತಹ ವಿದ್ವಾಂಸರು ಮರುಗಿದರು.

ಉತ್ತಮವಾದ ಮನೆ ಅಲ್ಲಾಹನ ಅನುಗ್ರಹ. ಗಾಳಿ ಬೆಳಕಿರುವ, ಅತಿಥಿಗೆ ಜಾಗವಿರುವ, ಹೆಣ್ಣುಮಕ್ಕಳಿಗೆ ಓದಲು ಒಂದು ಮೂಲೆಯಿರುವ ಮನೆ ಪ್ರತಿಯೊಬ್ಬರಿಗೂ ಸಿಗಲಿ. ಇಸ್ಲಾಮ್ ಯಾರನ್ನೂ ಜೋಪಡಿಯಲ್ಲಿರಲು ಹೇಳಿಲ್ಲ. ಆದರೆ ಬೆಟ್ಟ ಬೆಟ್ಟಗಳ ಮೇಲೆ ಹಿರಿಮೆಗಾಗಿ ಸ್ಮಾರಕಗಳನ್ನೆಬ್ಬಿಸಿ, ತಾವು ಶಾಶ್ವತವೆಂದು ಭ್ರಮಿಸಿದ ಆದ್ ಜನಾಂಗದ ಅವನತಿಯನ್ನು ಪವಿತ್ರ ಕುರ್‌ಆನ್ ನಮಗೆ ಸುಮ್ಮನೆ ತಿಳಿಸಿಲ್ಲ. ಅಗತ್ಯಕ್ಕೆ ಕಟ್ಟಿದ ಮನೆಯ ಕೆಲಸ ಒಂದು ದಿನ ಮುಗಿಯುತ್ತದೆ. ತೋರಿಕೆಗೆ ಕಟ್ಟಿದ್ದು ಮುಗಿಯುವುದೇ ಇಲ್ಲ. ಸಮುದ್ರದ ಮೇಲಿನ ದ್ವೀಪದಂತೆ ಅದಕ್ಕೆ ಮತ್ತೆ ಮತ್ತೆ ಮರಳು ಸುರಿಯುತ್ತಲೇ ಇರಬೇಕಾಗುತ್ತದೆ.

ಮುಂದಿನ ಬಾರಿ ಆ ಖರ್ಜೂರದ ದ್ವೀಪದ ಚಿತ್ರ ಮೊಬೈಲಿಗೆ ಬಂದಾಗ ಮಕ್ಕಳನ್ನು ಹತ್ತಿರ ಕರೆದು ತೋರಿಸಿ. ಅದನ್ನು ಕಟ್ಟಿದ ಜಾಣ್ಮೆಯನ್ನು ಹೇಳಿ, ಅದರಡಿಯಲ್ಲಿ ಹೂತ ಹವಳವನ್ನೂ ಹೇಳಿ. ಕಟ್ಟಿದ ಕೈಗಳ ಕಥೆ ಹೇಳಿ. ಚಿತ್ರ ಕಳುಹಿಸಿದವರಿಗೂ ಉತ್ತರವಾಗಿ ಎರಡು ಸಾಲು ಬರೆಯಿರಿ. ಮನೆಯ ಕೆಲಸ ಎಲ್ಲಿಗೆ ಬಂತು ಎಂಬ ವಿಚಾರ ಇನ್ನೊಂದು ದಿನಕ್ಕಿರಲಿ. ಊಟ ಮಾಡಿದಿರಾ, ಕಾಲು ನೋವು ಹೇಗಿದೆ, ಯಾವಾಗ ಬರುತ್ತೀರಿ ಎಂದು ಮೊದಲು ಕೇಳಿ.